ಮಾತ್ರೆ ಡಬ್ಬಿಯ ಕ್ಯೂಆರ್ ಕೋಡ್ ಯಾರ ಕೈಗೆ ಸಿಗುತ್ತೆ?

2023ರ ಆಗಸ್ಟ್ 1ರಿಂದ ತಯಾರಾಗುವ 300 ಹೆಸರಾಂತ ಔಷಧ ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಜ್ವರ ಅಂದ ಕೂಡಲೇ ನಾವೆಲ್ಲ ಕೇಳುವ ಡೋಲೋ ಕೂಡ ಆ ಪಟ್ಟಿಯಲ್ಲಿದೆ. ಸ್ಕ್ಯಾನ್ ಮಾಡಿದರೆ ಔಷಧದ ಜೆನೆರಿಕ್ ಹೆಸರು (ಬ್ರ್ಯಾಂಡ್ ಅಲ್ಲದ ಮೂಲ ಹೆಸರು), ಬ್ಯಾಚ್ ನಂಬರ್, ಎಕ್ಸ್‌ಪೈರಿ, ಕಂಪನಿ ವಿಳಾಸ, ಲೈಸೆನ್ಸ್ ನಂಬರ್ ಎಲ್ಲ ಸಿಗಬೇಕು. ನಕಲಿ ಮಾತ್ರೆಗಳನ್ನು ಹಿಡಿಯೋದು ಇದರ ಉದ್ದೇಶ. ಒಳ್ಳೆಯದೇ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಸ್ಟ್ರಿಪ್ ಮೇಲೆ ಜಾಗ ಸಾಲದಿದ್ದರೆ ಹೊರಗಿನ ಡಬ್ಬಿ ಮೇಲೆ ಹಾಕಿದರೂ ನಡೆಯುತ್ತೆ. ಮೆಡಿಕಲ್ ಶಾಪಿನಲ್ಲಿ ನಮಗೆ ಡಬ್ಬಿ ಕೊಡುವವರು ಯಾರು? "ಅಣ್ಣಾ, ನಾಲ್ಕು ಮಾತ್ರೆ ಸಾಕು" ಅಂದರೆ ಕತ್ತರಿ ತಗೊಂಡು ಸ್ಟ್ರಿಪ್ ಕತ್ತರಿಸಿ, ಪುಟ್ಟ ಕವರ್‌ಗೆ ಹಾಕಿ ಕೊಡುತ್ತಾರೆ. ಡಬ್ಬಿ ಅಂಗಡಿಯಲ್ಲೇ ಉಳಿಯುತ್ತೆ, ಕೋಡೂ ಅದರ ಜೊತೆಗೇ. ಎಷ್ಟೋ ಸಲ ಎಕ್ಸ್‌ಪೈರಿ ಇರುವ ತುಂಡೂ ಅಲ್ಲೇ ಉಳಿದಿರುತ್ತೆ. ಕಂಪನಿ ಮಾತ್ರ ನಿಯಮ ಪಾಲಿಸಿದ ಹಾಗಾಯ್ತು!

ಇನ್ನು ನಕಲಿ ಮಾಡುವವನು ಅಸಲಿ ಡಬ್ಬಿಯ ಕೋಡನ್ನೇ ನೋಡಿ ಹಾಗೇ ಅಚ್ಚು ಹಾಕಿದರೆ? ಸ್ಕ್ಯಾನ್ ಮಾಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಯುರೋಪಿನ ಹೆಚ್ಚಿನ ದೇಶಗಳಲ್ಲಿ 2019ರ ಫೆಬ್ರವರಿಯಿಂದ ಡಾಕ್ಟರ್ ಚೀಟಿಗೆ ಮಾತ್ರ ಸಿಗುವ ಬಹುತೇಕ ಔಷಧಗಳ ಒಂದೊಂದು ಪ್ಯಾಕಿಗೂ ಬೇರೆ ಬೇರೆ ನಂಬರ್ ಇದೆ. ಗಿರಾಕಿಗೆ ಕೊಡುವಾಗ ಅಂಗಡಿಯವರೇ ಸ್ಕ್ಯಾನ್ ಮಾಡಬೇಕು. ಆಗ ಆ ನಂಬರ್ ಲೆಕ್ಕದಿಂದ ಹೋಗುತ್ತೆ, ಅದೇ ನಂಬರಿನ ಎರಡನೇ ಪ್ಯಾಕ್ ಬಂದರೆ ಸಿಕ್ಕಿಬೀಳುತ್ತೆ. ಅಸಲಿ ನಕಲಿ ಪರೀಕ್ಷೆಯನ್ನು ರೋಗಿಯ ತಲೆಗೆ ಕಟ್ಟಿಲ್ಲ ನೋಡಿ.

ಟಿವಿ, ಫೋನಿನ ಪೆಟ್ಟಿಗೆಗಳ ವಿಷಯ ಬೇರೆ. 2022ರಲ್ಲಿ ಕೇಂದ್ರ ಸರ್ಕಾರ ಕಂಪನಿ ವಿಳಾಸ, ಅಳತೆಯಂಥ ಕೆಲವು ವಿವರಗಳನ್ನು ಪೆಟ್ಟಿಗೆ ಮೇಲೆ ಅಚ್ಚು ಹಾಕುವ ಬದಲು ಕ್ಯೂಆರ್ ಕೋಡ್‌ನಲ್ಲಿ ಕೊಡಬಹುದು ಅಂತ ಬಿಟ್ಟಿತು. ಅದಕ್ಕೆ ನನ್ನ ತಕರಾರಿಲ್ಲ. ಟಿವಿ ಕತ್ತರಿಸಿ ಮಾರುವುದಿಲ್ಲವಲ್ಲ.

ನನಗೆ ಬೇಜಾರು ಇರುವುದು ಇಷ್ಟಕ್ಕೇ ಅಲ್ಲ. ಸ್ಟ್ರಿಪ್ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುವುದನ್ನೇ ಮೊಬೈಲ್‌ನಲ್ಲೂ ಇಂಗ್ಲಿಷಿನಲ್ಲೇ ತೋರಿಸಿದರೆ ಏನು ಬಂತು? ಅಲ್ಲಿ ಜಾಗಕ್ಕೇನೂ ಬರ ಇಲ್ಲ. ಕನ್ನಡದಲ್ಲಿ ಹಾಕಬಹುದು, ಕಣ್ಣು ಕಾಣದವರಿಗೆ ಓದಿ ಹೇಳುವ ಹಾಗೆ ಮಾಡಬಹುದು. ಆಹಾರದ ಪೊಟ್ಟಣಗಳಲ್ಲಿ ಕಣ್ಣು ಕಾಣದವರಿಗಾಗಿ ಕ್ಯೂಆರ್ ಕೋಡ್ ಹಾಕಿ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್ಎಸ್ಎಸ್ಎಐ 2023ರಲ್ಲೇ ಸಲಹೆ ಕೊಟ್ಟಿದೆ. ಮಾತ್ರೆಗೆ ಅದು ಇನ್ನೂ ಜಾಸ್ತಿ ಬೇಕು ಅಲ್ವಾ?

300ರ ಪಟ್ಟಿ ಮುಂದೆ ಉದ್ದವಾಗಲಿ, ಬೇಡ ಅನ್ನಲ್ಲ. ಅದಕ್ಕೂ ಮೊದಲು ಕೋಡ್ ಸ್ಟ್ರಿಪ್ ಮೇಲೇ ಬರಲಿ, ಕತ್ತರಿಸಿದರೂ ಉಳಿಯುವ ಹಾಗೆ ಎರಡು ಮೂರು ಕಡೆ. ಎಕ್ಸ್‌ಪೈರಿಯನ್ನೂ ಹಾಗೇ ಹಾಕಲಿ, ಕಣ್ಣಿಗೆ ಕಾಣುವ ಶಾಯಿಯಲ್ಲಿ.