ನಿಮ್ಮ ಪಂಪಿನ ಊರು ಯಾವುದು ಸಾರ್?

ನಮ್ಮದು ಪೀಣ್ಯದಲ್ಲಿರುವ ಸಣ್ಣ ಟೆಸ್ಟಿಂಗ್ ಲ್ಯಾಬ್. ಕಡಲೆಬೀಜ, ಮೆಣಸಿನಪುಡಿ ಇಂಥವುಗಳಲ್ಲಿ ಬೂಷ್ಟಿನ ವಿಷ ಎಷ್ಟಿದೆ ಅಂತ ನೋಡಿ ಹೇಳುವುದು ನಮ್ಮ ಹೊಟ್ಟೆಪಾಡು. ಒಂದು ಕಿಲೋ ಬೀಜದಲ್ಲಿ ಹತ್ತು ಮೈಕ್ರೋಗ್ರಾಂ ಅಫ್ಲಟಾಕ್ಸಿನ್ ಇದ್ದರೂ ಹಿಡಿದು ಹಾಕುವ ಮೆಷಿನ್ ಇದೆ, ಎಚ್‌ಪಿಎಲ್‌ಸಿ ಅಂತಾರೆ. ಯಾವ ಸಾಮಾನು ಕೊಟ್ಟರೂ ಅದರ ಒಳಗೆ ಏನಿದೆ ಅಂತ ಪತ್ತೆ ಮಾಡುವ ಈ ಮಹಾಶಯನನ್ನು ಹೊಸದಾಗಿ ತರಿಸಿದೆವು. ಕಸ್ಟಮ್ಸ್ ಬಾಗಿಲಲ್ಲಿ ನಿಲ್ಲಿಸಿ, ಅದೆಲ್ಲ ಇರಲಿ, ಮೊದಲು ನೀನು ಯಾರು ಹೇಳು ಅಂದರು.

ನೋಡದವರಿಗೆ ಹೇಳಬೇಕು ಅಂದ್ರೆ, ಎಚ್‌ಪಿಎಲ್‌ಸಿ ಅನ್ನುವುದು ಹಳೇ ಸ್ಟೀರಿಯೋ ಸೆಟ್ ಥರ ಒಂದರ ಮೇಲೊಂದು ಪೇರಿಸಿಟ್ಟ ನಾಲ್ಕು ಡಬ್ಬ. ಒಂದು ಪಂಪು, ಒಂದು ಸ್ಯಾಂಪಲ್ ಚುಚ್ಚುವ ಡಬ್ಬ, ಒಂದು ಪುಟ್ಟ ಓವನ್, ಒಂದು ಡಿಟೆಕ್ಟರ್. ನಾಲ್ಕೂ ಒಟ್ಟಿಗೆ ಬಂದರೆ ಅದು ಕ್ರೊಮ್ಯಾಟೋಗ್ರಾಫ್, ಅಂದ್ರೆ ಬೆರೆತಿದ್ದನ್ನು ಬಿಡಿಸಿ ತೋರಿಸುವ ಯಂತ್ರ. ಸುಂಕ ಲೆಕ್ಕ ಹಾಕೋಕೆ ಕಸ್ಟಮ್ಸ್‌ನವರು ಪ್ರತಿ ಸಾಮಾನಿಗೂ ಒಂದು ಕೋಡ್ ಹಾಕುತ್ತಾರೆ, ಇದರದು 9027 20. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪಟ್ಟಿಯಲ್ಲಿ ಇದರ ಹೆಸರಿದೆ, ನಾವು 1997ರಲ್ಲೇ ಅದಕ್ಕೆ ಸೇರಿದ್ದೇವೆ, ಹಾಗಾಗಿ ಮೂಲ ಕಸ್ಟಮ್ಸ್ ಸುಂಕ ಸೊನ್ನೆ. ಶೇ. 18 ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಇದ್ದೇ ಇದೆ, ಅದನ್ನು ಬಿಟ್ಟು ಬದುಕೋಕೆ ಆಗುತ್ತಾ.

ನಮ್ಮ ಗ್ರಹಚಾರ, ಮೂರು ಡಬ್ಬ ಜರ್ಮನಿಯಿಂದ ಮಂಗಳವಾರ ಬಂದಿಳಿದವು. ಪಂಪು ಸ್ಟಾಕ್ ಇರಲಿಲ್ಲವಂತೆ. ಅದನ್ನು ಸಿಂಗಾಪುರದ ಗೋಡೌನಿಂದ ಬೇರೆ ವಿಮಾನಕ್ಕೆ ಹತ್ತಿಸಿದರು, ಶನಿವಾರ ಬಂತು.

ನಮ್ಮ ಕ್ಲಿಯರಿಂಗ್ ಏಜೆಂಟ್ ಕಡೆಯ ಹುಡುಗ ಫೋನ್ ಮಾಡಿದ. "ಸಾರ್, ಇದು ಒಂಟಿಯಾಗಿ ಬಂದಿದೆ. ಇದು ಕ್ರೊಮ್ಯಾಟೋಗ್ರಾಫ್ ಅಲ್ಲ."

"ಮತ್ತೇನಪ್ಪ?"

"ಪಂಪು ಸಾರ್. 8413."

ದಿಬ್ಬಣದ ಬಸ್ಸಿನಲ್ಲಿ ಬಂದಿದ್ದರೆ ಮದುವೆ ಗಂಡು. ಟ್ರಾಫಿಕ್‌ನಲ್ಲಿ ಸಿಕ್ಕಿ ಹಿಂದಿನ ಬಸ್ಸಿಗೆ ಬಂದನಾ, ಯಾರಪ್ಪ ನೀನು, ಊಟಕ್ಕೆ ಬಂದವನಾ ಅಂತ ಛತ್ರದ ಬಾಗಿಲಲ್ಲೇ ತಡೀತಾರೆ. ಕೋಡ್ ಪುಸ್ತಕದಲ್ಲಿ ಕ್ರೊಮ್ಯಾಟೋಗ್ರಾಫ್ ಇರುವ 90ನೇ ಅಧ್ಯಾಯದ ಟಿಪ್ಪಣಿಯೇ ಹಾಗಿದೆ: ಬಿಡಿಭಾಗಕ್ಕೆ ಅದರದೇ ಹೆಸರಿನ ಮನೆ ಬೇರೆ ಕಡೆ ಇದ್ದರೆ ಅಲ್ಲಿಗೇ ಹೋಗಬೇಕು. ಹೀಗೆ, ನಿಮಿಷಕ್ಕೆ 1 ಮಿಲಿಲೀಟರ್ ತಳ್ಳುವ, ಜೋರಾಗಿ ಉಸಿರಾಡಿದರೂ ಬೇಜಾರು ಮಾಡಿಕೊಳ್ಳುವ ನಮ್ಮ ಪಂಪು ಹೋಗಿ ಬೋರ್‌ವೆಲ್ ಪಂಪು, ಪೆಟ್ರೋಲ್ ಬಂಕಿನ ಪಂಪು, ಕಾಂಕ್ರೀಟ್ ಪಂಪುಗಳ ಸಾಲಿನಲ್ಲಿ ಕೂತಿತು. ಜೊತೆಗೆ ಸುಂಕವೂ ಬಿತ್ತು. ಇಡೀ ಮೆಷಿನ್‌ಗೆ ಸೊನ್ನೆ, ಕಾಲು ಭಾಗಕ್ಕೆ ದುಡ್ಡು. ಈ ಲೆಕ್ಕವನ್ನು ನಮ್ಮ ಯಜಮಾನರಿಗೆ ಅರ್ಥ ಮಾಡಿಸೋಕೆ ಎರಡು ಕಾಫಿ ಬೇಕಾಯಿತು.

ಹಾಗಂತ ಕೋಡ್ ಪುಸ್ತಕವನ್ನು ಬೈಯೋಕೆ ನನಗೆ ಮನಸ್ಸಿಲ್ಲ. ನಿಜ ಹೇಳಬೇಕು ಅಂದ್ರೆ ಓದೋಕೆ ಕೂತರೆ ಬಿಡೋಕೆ ಆಗಲ್ಲ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯವರು ಮಾಡಿದ್ದು, 1988ರಿಂದ ಜಾರಿಯಲ್ಲಿದೆ. ಲೋಕದಲ್ಲಿ ಇರೋ ಬರೋ ಸಾಮಾನನ್ನೆಲ್ಲ, ಬದುಕಿರುವ ಕುದುರೆಯಿಂದ ಹಿಡಿದು ಹಳೇ ಕಾಲದ ಚಿತ್ರಪಟದ ತನಕ, 97 ಅಧ್ಯಾಯದಲ್ಲಿ ಜೋಡಿಸಿದ್ದಾರೆ. 77ನೇ ಅಧ್ಯಾಯ ಮಾತ್ರ ಖಾಲಿ. ಮುಂದೆ ಬೇಕಾದೀತು ಅಂತ ಬಿಟ್ಟಿದ್ದಾರೆ, ಬಸ್ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ತಕ್ಕಡಿ 50 ಮಿಲಿಗ್ರಾಂ ವ್ಯತ್ಯಾಸ ಹಿಡಿದರೆ 9016, ಅಷ್ಟು ಚುರುಕು ಇಲ್ಲದಿದ್ದರೆ 8423. ಅವೆನ್ಯೂ ರಸ್ತೆಯ ಚಿನ್ನದಂಗಡಿಯ ತಕ್ಕಡಿಗೂ ತರಕಾರಿ ತಕ್ಕಡಿಗೂ ಅಲ್ಲೇ ಪಂಕ್ತಿಭೇದ. 9023 ನನಗೆ ಬಹಳ ಇಷ್ಟ: ತೋರಿಸೋಕೆ ಮಾತ್ರ ಆಗುವ, ಬೇರೆ ಯಾವುದಕ್ಕೂ ಬಾರದ ಉಪಕರಣ. ನಮ್ಮಲ್ಲೂ ಒಂದಿದೆ. ಐದು ವರ್ಷದಿಂದ ಪ್ಲಾಸ್ಟಿಕ್ ಕವರ್ ಹೊದ್ದು ಮೂಲೆಯಲ್ಲಿ ಕೂತಿದೆ, ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಕವರ್ ತೆಗೆದು ತೋರಿಸುತ್ತೇವೆ.

ಎಲ್ಲಕ್ಕಿಂತ ಮೇಲು 3(ಸಿ) ನಿಯಮ. ಒಂದು ಸಾಮಾನು ಎರಡು ಮೂರು ಕಡೆ ಸರಿಹೊಂದುತ್ತಾ ಇದೆ, ಯಾವುದು ಹೆಚ್ಚು ನಿಖರ ಅಂತ ನೋಡಿದರೂ ಬಗೆಹರಿಯಲಿಲ್ಲ, ಅದರ ಮುಖ್ಯ ಗುಣ ಯಾವುದು ಅಂತ ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ, ಆಗ ಏನು ಮಾಡಬೇಕು? ನಂಬರಿನಲ್ಲಿ ಯಾವುದು ಕೊನೆಗೆ ಬರುತ್ತೋ ಅಲ್ಲಿಗೆ ಹಾಕಿ. ಅಷ್ಟೇ. ಎಲ್ಲಿ ಇಳೀಬೇಕು ಅಂತ ಗೊತ್ತಿಲ್ಲದ ಪ್ರಯಾಣಿಕನನ್ನು ಕೊನೇ ಸ್ಟಾಪಿನಲ್ಲಿ ಇಳಿಸಿ ಕೈ ತೊಳೆದುಕೊಳ್ಳೋ ಕಂಡಕ್ಟರ್ ಥರ. ನಗಬೇಡಿ. ಪರೋಟ ಬೇರೆ, ರೊಟ್ಟಿ ಬೇರೆ, ಹಾಗಾಗಿ ಶೇ. 18 ಕಟ್ಟಿ ಅಂತ 2020ರಲ್ಲಿ ತೀರ್ಪು ಕೊಟ್ಟಿದ್ದು ನಮ್ಮ ಕರ್ನಾಟಕದ ಜಿಎಸ್‌ಟಿ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರವೇ. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಎರಡಕ್ಕೂ ತೆರಿಗೆ ತೆಗೆದ ಮೇಲೆ ಪರೋಟ ರೊಟ್ಟಿಯ ಪಕ್ಕದಲ್ಲಿ ಬಂದು ಕೂತಿತು.

ಪಂಪಿನ ಕಥೆಗೆ ಬರ್ತೀನಿ. ಕುಲ ಗೊತ್ತಾಯಿತು, ಇನ್ನು ಊರು.

ಏಜೆಂಟ್ ಹುಡುಗ ಚುರುಕು. ಪಂಪು ಜಪಾನಿನದು, ಜಪಾನ್ ಜೊತೆ ನಮಗೆ 2011ರಿಂದ ವ್ಯಾಪಾರ ಒಪ್ಪಂದ ಇದೆ, ಅಲ್ಲೇ ಮಾಡಿದ್ದು ಅನ್ನುವ ಒರಿಜಿನ್ ಸರ್ಟಿಫಿಕೇಟ್ ತರಿಸಿದರೆ ಸುಂಕ ಉಳಿಯುತ್ತೆ ಅಂದ. ಖುಷಿಯಾಯಿತು. ಆಮೇಲೆ ಅವನು 'ಕೆರೋಟಾರ್' ಅಂದ. ಮೊದಲು ಯಾವುದೋ ಹಲ್ಲಿನ ಔಷಧಿ ಅಂದುಕೊಂಡೆ. 2020ರ ಸೆಪ್ಟೆಂಬರ್ 21ರಿಂದ ಬಂದ ನಿಯಮ ಅದು. ಬರೀ ಸರ್ಟಿಫಿಕೇಟ್ ತಂದರೆ ಸಾಲದು; ಈ ಸಾಮಾನು ಆ ದೇಶದ್ದೇ ಅಂತ ಯಾವ ಲೆಕ್ಕದಲ್ಲಿ ಹೇಳ್ತಾರೆ, ಎಲ್ಲೆಲ್ಲಿಂದ ಏನೇನು ತಂದು ಹೇಗೆ ಮಾಡಿದರು, ಬೆಲೆಯಲ್ಲಿ ಅಲ್ಲಿನ ಪಾಲು ಎಷ್ಟು, ಇದೆಲ್ಲ ಆಮದು ಮಾಡಿದವನ ಹತ್ತಿರ ಇರಬೇಕು. ಐದು ವರ್ಷ ಜೋಪಾನ ಮಾಡಬೇಕು. ಬೇರೆ ದೇಶದ ಮಾಲನ್ನು ಒಪ್ಪಂದದ ದೇಶದಲ್ಲಿ ಒಂದು ಸುತ್ತು ಹಾಕಿಸಿ ಅಲ್ಲಿನದೇ ಅಂತ ಕಾಗದ ಮಾಡಿಸುವವರು ಇದ್ದಾರೆ, ಅದಕ್ಕೇ ಈ ನಿಯಮ, ಒಪ್ಪೋಣ. ಆದರೆ ಹೆಣ್ಣು ನೋಡೋಕೆ ಹೋದವರೂ ಇಷ್ಟು ವಿಚಾರಿಸಲ್ಲ. ನಮ್ಮ ಪರ್ಚೇಸ್‌ನಲ್ಲಿ ಇರೋದು ಒಬ್ಬಳೇ ಹುಡುಗಿ, ಬಿ.ಕಾಂ. ಆಕೆ ಕೂತು ಜಪಾನಿನ ಕಂಪನಿಗೆ, ದಯವಿಟ್ಟು ನಿಮ್ಮ ಪಂಪನ್ನು ಹೇಗೆ ಮಾಡುತ್ತೀರಿ, ಎಷ್ಟು ಖರ್ಚಾಗುತ್ತೆ ತಿಳಿಸಿ ಅಂತ ಮೇಲ್ ಹಾಕಿದಳು. ಬಹಳ ವಿನಯದ ಉತ್ತರ ಬಂತು. ನಾಲ್ಕು ಸಾಲು ನಮಸ್ಕಾರ, ಅರ್ಧ ಸಾಲು 'ಆಗಲ್ಲ'.

ಅಷ್ಟರಲ್ಲಿ ಡಬ್ಬ ತೆರೆದು ನೋಡಿ ಅಂತ ಆರ್ಡರ್ ಆಯಿತು. ಹುಡುಗ ಏರ್ ಕಾರ್ಗೋ ಶೆಡ್ಡಿನಿಂದ ವಾಟ್ಸಾಪ್‌ನಲ್ಲಿ ಒಂದೊಂದೇ ಫೋಟೋ ಕಳಿಸಿದ. ಪಂಪಿನ ಬೆನ್ನಿನ ತಗಡು: ಮೇಡ್ ಇನ್ ಜಪಾನ್. ಒಳಗಿನ ಫ್ಯಾನು: ಫಿಲಿಪ್ಪೀನ್ಸ್. ಕರೆಂಟ್ ವೈರು: ಚೀನಾ. ರಟ್ಟಿನ ಡಬ್ಬದ ಮೇಲೆ ಜರ್ಮನಿಯ ವಿಳಾಸ, ಇನ್‌ವಾಯ್ಸ್ ಸಿಂಗಾಪುರದ್ದು. ಕೊನೆಗೆ ಮೂಲೆಯಲ್ಲಿದ್ದ ಸಿಲಿಕಾ ಜೆಲ್ ಪೊಟ್ಟಣ. ಅದರ ಮೇಲೆ ಯಾವ ಊರೂ ಇಲ್ಲ, 'ತಿನ್ನಬೇಡಿ' ಅಂತಷ್ಟೇ ಇತ್ತು. ಇಡೀ ಪಾರ್ಸೆಲ್‌ನಲ್ಲಿ ಎರಡರ್ಥ ಇಲ್ಲದ ಮಾತು ಅದೊಂದೇ.

ಈ 'ಮೇಡ್ ಇನ್' ಹಣೆಪಟ್ಟಿ ಹುಟ್ಟಿದ್ದೇ ಒಂದು ತಮಾಷೆ. ಜರ್ಮನಿಯ ಸೋಲಿಂಗೆನ್‌ನವರು ತಮ್ಮ ಚಾಕು ಕತ್ತರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನ ಹೆಸರು ಹೊಡೆದು ಮಾರುತ್ತಿದ್ದರು. ಸಿಟ್ಟಾದ ಇಂಗ್ಲಿಷರು 1887ರಲ್ಲಿ ಕಾನೂನು ಮಾಡಿದರು. ಸುಳ್ಳು ಊರಿನ ಹೆಸರು ಹೊಡೆದರೆ ಮಾಲು ಒಳಗೆ ಬರಲ್ಲ, ಹಾಗಾಗಿ ಜರ್ಮನ್ನರು 'ಮೇಡ್ ಇನ್ ಜರ್ಮನಿ' ಅಂತ ಬರೆಯಬೇಕಾಯಿತು. ಜನ ನೋಡಿ ಮೂಗು ಮುರಿಯಲಿ ಅನ್ನೋದು ಆಸೆ. ಆಗಿದ್ದು ಉಲ್ಟಾ. ಇವತ್ತು ನಮ್ಮ ಯಜಮಾನರು ಡಬ್ಬ ಬಂದ ತಕ್ಷಣ ಕರ್ಚೀಫಿನಿಂದ ಆ ಎರಡು ಇಂಚು ತಗಡು ಒರೆಸಿ, ಫೋಟೋ ತೆಗೆದು, ಗಿರಾಕಿಗಳಿಗೆ ಕಳಿಸುತ್ತಾರೆ. ಪಂಪಿನ ಮೇಲೆ ಜಪಾನ್ ಅಂತ ಇದ್ದಿದ್ದಕ್ಕೆ ಅವರಿಗೆ ಒಳಗೊಳಗೇ ಬೇಜಾರು.

ಮುಂದಿನದು ಕ್ವೈರಿ, ಅಂದ್ರೆ ಕಸ್ಟಮ್ಸ್‌ನವರ ಪ್ರಶ್ನೆ. ಜಪಾನಿನ ಸಾಮಾನಿಗೆ ಸಿಂಗಾಪುರದ ಬಿಲ್ ಯಾಕೆ? ಉತ್ತರ ಕೊಟ್ಟೆವು. ಕ್ಯಾಟಲಾಗ್ ಹಾಕಿ. ಹಾಕಿದೆವು. ಓದೋಕೆ ಆಗ್ತಾ ಇಲ್ಲ, ಇನ್ನೊಮ್ಮೆ ಹಾಕಿ. ಹೋಗಿ ಕೈಮುಗಿದು ವಿವರಿಸೋಣ ಅಂದರೆ ಹೋಗೋದು ಎಲ್ಲಿಗೆ? ಈಗ ಮುಖ ನೋಡದ ತಪಾಸಣೆ. 2020ರ ಜೂನ್ 8ರಂದು ಇದು ಶುರುವಾಗಿದ್ದೇ ಬೆಂಗಳೂರು, ಚೆನ್ನೈನಲ್ಲಿ, ಅದೂ 84 ಮತ್ತು 85ನೇ ಅಧ್ಯಾಯದ ಸಾಮಾನಿನಿಂದ. ಕಾಗದ ನೋಡುವ ಅಧಿಕಾರಿ ದೇಶದ ಯಾವ ಮೂಲೆಯಲ್ಲಾದರೂ ಕೂತಿರಬಹುದು. ಲಂಚಕ್ಕೆ ಕೈ ಚಾಚೋಕೆ ಆಗಲ್ಲ, ಒಳ್ಳೇದೇ. ಆದರೆ ಪಂಪಿನ ಊರು ಯಾವುದು ಅಂತ ಹನ್ನೊಂದು ದಿನ ಕೇಳಿದವರ ಊರು ಯಾವುದು ಅಂತ ನಮಗೆ ಕೊನೆವರೆಗೂ ಗೊತ್ತಾಗಲಿಲ್ಲ. ಶೆಡ್ಡಿನ ಬಾಡಿಗೆ ಮಾತ್ರ ಯಾವ ಕ್ವೈರಿಯೂ ಇಲ್ಲದೆ ಓಡುತ್ತಾ ಇತ್ತು. ಹನ್ನೆರಡನೇ ದಿನ ಯಜಮಾನರೇ ಸೋತು, ರಿಯಾಯಿತಿ ಮನೆ ಹಾಳಾಗ ಅಂತ ಪೂರ್ತಿ ಸುಂಕ ಕಟ್ಟಿಸಿ ಬಿಡಿಸಿಕೊಂಡರು.

ಪಂಪು ಬಂತು, ನಾಲ್ಕು ಡಬ್ಬ ಪೇರಿಸಿದೆವು. ಪೀಣ್ಯದ ಮೂರನೇ ಮಹಡಿಯಲ್ಲಿ ಅದು ಮತ್ತೆ ಕ್ರೊಮ್ಯಾಟೋಗ್ರಾಫ್ ಆಯಿತು. ಸ್ವಿಚ್ ಹಾಕಿದರೆ ತೊಟ್ಟು ತೊಟ್ಟು ಸೋರುತ್ತಿದೆ. ಎಂಜಿನಿಯರ್ ಬಂದು ಬಿಚ್ಚಿ ನೋಡಿದ, ಒಂದು ಓ-ರಿಂಗ್ ಹರಿದಿದೆ. ಕಿರುಬೆರಳ ಉಗುರಿನಷ್ಟು ಅಗಲದ ಕರೀ ರಬ್ಬರ್ ಬಳೆ. ಕಂಪನಿಯವರು ಕ್ಷಮೆ ಕೇಳಿ ಪುಕ್ಕಟೆ ಕಳಿಸಿದರು.

ಮೊನ್ನೆ ಹುಡುಗನ ಫೋನ್. "ಸಾರ್, ಓ-ರಿಂಗ್ ಬಂದಿದೆ. ಇದು ಪಂಪಿನ ಲೆಕ್ಕಕ್ಕೆ ಬರಲ್ಲ, ರಬ್ಬರ್, 40ನೇ ಅಧ್ಯಾಯ. ಪುಕ್ಕಟೆ ಆದರೂ ಬೆಲೆ ತೋರಿಸಬೇಕು."

"ತೋರ್ಸಪ್ಪ."

"ಸರಿ ಸಾರ್. ಇದರ ಮೇಲೆ ಏನೂ ಬರೆದಿಲ್ಲ. ಊರು ಯಾವುದು ಅಂತ ಹಾಕ್ಲಿ?"