ಒತ್ತದೇನೇ ಉರಿಯೋ ದೀಪ

ಈ ಸಲ ದಸರಾ ಗೊಂಬೆಗೆ ಸೀರಿಯಲ್ ಸೆಟ್ ಬೇಡ, ನಾನೇ ಸರ್ಕ್ಯೂಟ್ ಬೋರ್ಡ್ ಮಾಡ್ತೀನಿ, ಮೂರು ಮೆಟ್ಟಿಲಿಗೆ ಮೂರು ಸ್ವಿಚ್ಚು ಮೂರು ಎಲ್‌ಇಡಿ, ಮಕ್ಕಳು ಒತ್ತಿದಷ್ಟು ಹೊತ್ತು ದೀಪ ಅಂತ ಮನೇಲಿ ಜಂಬ ಕೊಚ್ಕೊಂಡ್‌ಬಿಟ್ಟೆ.

ಎಸ್‌ಪಿ ರೋಡಿಂದ ಸಾಮಾನು ತಂದು, ಮೊದಲ ಎಲ್‌ಇಡಿನ ಸೀದಾ 9 ವೋಲ್ಟ್ ಬ್ಯಾಟರಿಗೆ ಕೊಟ್ಟೆ. ಒಂದು ಕ್ಷಣ ಜ್ಯೋತಿ, ಆಮೇಲೆ ಮುಕ್ತಿ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಸಾಕು, ಉಳಿದ 7ನ್ನ 470 ಓಮ್ ರೆಸಿಸ್ಟರ್ ನುಂಗ್ಕೊಂಡ್ರೆ ಸುಮಾರು 15 ಮಿಲಿಆಂಪ್ ಹರಿಯತ್ತೆ, ಈ ಲೆಕ್ಕ ಪಿಯುಸಿಲೇ ಬರ್ತಿತ್ತು, ನೆನಪಾಗಿದ್ದು ಸುಟ್ಟಮೇಲೆ.

ಬೋರ್ಡಿನ ನಕ್ಷೆ ಬರೆಯೋ ಸಾಫ್ಟ್‌ವೇರು ಕಿಕ್ಯಾಡಲ್ಲಿ ಡಿಸೈನ್ ಮಾಡೋಕೆ ಕೂತೆ. ಅದರ ಲೈಬ್ರರೀಲಿರೋ ರೆಡಿ ನಕ್ಷೆಗಳಲ್ಲಿ ಸ್ವಿಚ್ ಹುಡುಕೋಕೆ ಸೋಮಾರಿತನ, ಸ್ಕೇಲ್ ಇಟ್ಟು ಅಳೆದು ನಾನೇ ಬರ್ಕೊಂಡೆ. ನಾಲ್ಕು ಕಾಲಿನ ಪುಟಾಣಿ ಸ್ವಿಚ್ಚು, ಎದುರುಬದುರು ಕಾಲಿಗೆ ವೈರ್ ಎಳೆದೆ, ಚೆಕ್ ಮಾಡಿದ್ರೆ ಸೊನ್ನೆ ಎರರ್. ಬೋರ್ಡ್ ಮಾಡೋರು ಐದಕ್ಕಿಂತ ಕಮ್ಮಿ ಮಾಡ್ಕೊಡಲ್ಲ ಅಂದ್ರು, ಐದೂ ತರಿಸ್ದೆ.

ಬೆಸುಗೆ ಹಾಕಿ ಬ್ಯಾಟರಿ ಸಿಕ್ಕಿಸಿದ್ದೇ ತಡ, ಮೂರೂ ದೀಪ ಝಗ್ ಅಂತು. ನಾನಿನ್ನೂ ಸ್ವಿಚ್ ಮುಟ್ಟೇ ಇಲ್ಲ!

"ಅಳಿಯಂದ್ರೇ, ಮತ್ತೆ ಸ್ವಿಚ್ ಯಾಕೆ?" ಅಂದ್ರು ಅತ್ತೆ, ಕಡಲೆ ಉಸಲಿಗೆ ತೆಂಗಿನಕಾಯಿ ತುರೀತಾ.

ಮೀಟರ್ ಇಟ್ಟು ನೋಡಿದ್ರೆ, ಆ ಎದುರುಬದುರು ಕಾಲುಗಳು ಒಳಗೆ ಒಂದೇ ತಗಡು. ಒಂದೇ ಮನೆಯ ಮುಂಬಾಗಿಲು, ಹಿತ್ತಿಲ ಬಾಗಿಲು ಇದ್ದಂಗೆ, ಕರೆಂಟು ಯಾರನ್ನೂ ಕೇಳದೆ ಹಿಂಗೆ ಬಂದು ಹಂಗೆ ಹೋಗ್ತಿದೆ. ಒತ್ತಿದಾಗ ಸೇರೋದು ಅಕ್ಕಪಕ್ಕದ ಕಾಲುಗಳು. ಮೂಲೆಯಿಂದ ಮೂಲೆಗೆ ಎಳೆದಿದ್ರೆ ಸ್ವಿಚ್ ಹೆಂಗೆ ತಿರುಗಿಸಿ ಕೂರಿಸಿದ್ರೂ ಕೆಲಸ ಮಾಡ್ತಿತ್ತಂತೆ. ಸಾಫ್ಟ್‌ವೇರಿಗೇನು ಗೊತ್ತು ಪಾಪ, ನಾನು ಬರೆದಿದ್ದನ್ನ ಅದು ನಂಬಿತ್ತು. ಕಿತ್ತು, ಅಡ್ಡಕ್ಕೆ ಬೋರ್ಡಿನ ತೂತುಗಳ ಅಂತರ ಹೊಂದದೇ ಇದ್ದಿದ್ದಕ್ಕೆ ಕಾಲುಗಳನ್ನ ಇಕ್ಕಳದಲ್ಲಿ ಬಗ್ಗಿಸಿ, ಅಡ್ಡ ತಿರುಗಿಸಿ ಕೂರ್ಸೋಕೆ ಹೋದೆ, ಎರಡು ಕೂತ್ವು, ಮೂರನೇದರ ಕಾಲು ಮುರೀತು. ಅದನ್ನ ಹಳೇ ದಿಕ್ಕಲ್ಲೇ ವಾಪಸ್ ಕೂರಿಸಿದೆ, ಮತ್ತೆ ಒತ್ತದೇನೇ ಉರೀತು.

"ರೀ, ಅದೊಂದು ಉರೀತಾ ಇರ್ಲಿ ಬಿಡಿ, ರಾಜ ರಾಣಿ ಇರೋ ಮೆಟ್ಟಿಲಿಗೆ ಇಡೋಣ" ಅಂದ್ಳು ಹೆಂಡತಿ.

ಉಳಿದ ನಾಲ್ಕು ಬೋರ್ಡಲ್ಲಿ ಒಂದನ್ನ ಅತ್ತೆ ಅಲ್ಲಾಡ್ತಿದ್ದ ಗೊಂಬೆ ಮೇಜಿನ ಕಾಲಡಿ ತುರುಕಿದಾರೆ. 1.6 ಮಿಲಿಮೀಟರ್ ದಪ್ಪ, ಅಳತೆ ಮಾಡಿಸಿದಂಗೆ ಕೂತಿದೆ.