ಆ ಪಾರಿವಾಳದ ಮನೆಯ ಕಥೆ ಯಾರೂ ಯಾಕೆ ಹೇಳುವುದಿಲ್ಲ?

ನೆಂಟರಿಗೆ ಲಂಡನ್ ಹತ್ತಿರದ ಸೇಂಟ್ ಆಲ್ಬನ್ಸ್ ಊರು ತೋರಿಸಿ ಈಗ ತಾನೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಳೇ ಕಟ್ಟಡ ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ ಅಂತ ನಿಮಗೆಲ್ಲ ಗೊತ್ತೇ ಇದೆ. ಕೆಥೆಡ್ರಲ್ ಪಕ್ಕದಿಂದ ಅಬ್ಬೆ ಮಿಲ್ ಲೇನ್‌ನಲ್ಲಿ ಇಳಿದು ಹೋದರೆ ವರ್ ನದಿಯ ಹತ್ತಿರ 'ಯೆ ಓಲ್ಡ್ ಫೈಟಿಂಗ್ ಕಾಕ್ಸ್' ಪಬ್ ಸಿಗುತ್ತದೆ. ಅದರ ಮುಂದೆ ಗೈಡ್ ಒಬ್ಬ ಗುಂಪು ನಿಲ್ಲಿಸಿಕೊಂಡು, 793ರಿಂದ ಇರುವ ಇಂಗ್ಲೆಂಡಿನ ಅತಿ ಹಳೆಯ ಪಬ್ ಇದು ಅಂದ. ಎಲ್ಲರೂ ಫೋಟೋ ತೆಗೆದುಕೊಂಡು ಹೊರಟರು. ಅಷ್ಟೇ!

793 ಅಲ್ಲಿದ್ದ ಕ್ರೈಸ್ತ ಸನ್ಯಾಸಿಗಳ ಮಠದ ಇಸವಿ. ಆಗಿನ ಇಂಗ್ಲೆಂಡಿನ ಮರ್ಸಿಯಾ ರಾಜ್ಯದ ರಾಜ ಆಫಾ ಮಠ ಕಟ್ಟಿಸಿದ ಅಂತ ಹೇಳುವ ವರ್ಷ. ಅದನ್ನು ತಂದು ಪಬ್ಬಿಗೆ ಅಂಟಿಸಿದರೆ ಹೇಗೆ? ಸಾಬೀತು ಮಾಡಲು ಆಗುವುದಿಲ್ಲ ಅಂತ ಗಿನ್ನೆಸ್ ದಾಖಲೆಯವರೇ 2000ದಲ್ಲಿ ಆ ಪಟ್ಟ ಕೈಬಿಟ್ಟರು.

ನಿಜವಾದ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಈ ಪಬ್ಬಿನ ಕಟ್ಟಡ ಮೊದಲು ಆ ಮಠದ ಪಾರಿವಾಳದ ಮನೆ. ಎಂಟು ಮೂಲೆ, ಮರದ ಚೌಕಟ್ಟು. ಸನ್ಯಾಸಿಗಳ ಊಟಕ್ಕೆ ಪಾರಿವಾಳ, ಹೊಲಕ್ಕೆ ಅದರ ಗೊಬ್ಬರ. 1539ರಲ್ಲಿ ರಾಜ ಎಂಟನೇ ಹೆನ್ರಿ ಮಠ ಮುಚ್ಚಿಸಿದ. ಆಮೇಲೆ ಈ ಮನೆಯನ್ನು ಬಿಚ್ಚಿ, ಈಗಿರುವ ಜಾಗಕ್ಕೆ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ನಮ್ಮ ಮಣಿಪಾಲದ ಹಸ್ತಶಿಲ್ಪದಲ್ಲಿ ಬೇರೆ ಊರಿನ ಹಳೇ ಮನೆಗಳನ್ನು ಕಳಚಿ ತಂದು ನಿಲ್ಲಿಸಿದ್ದಾರಲ್ಲ, ನೋಡಿದವರಿಗೆ ಆ ಕೆಲಸದ ಕಷ್ಟ ಗೊತ್ತು. ಒಂದೊಂದು ತೊಲೆಯೂ ತನ್ನ ಜಾಗಕ್ಕೇ ಕೂರಬೇಕು.

ಆ ಊರೇ ಹಾಗೆ, ಏನನ್ನೂ ಬಿಸಾಡಿಲ್ಲ. 1077ರಲ್ಲಿ ಮಠದ ಚರ್ಚ್ ಹೊಸದಾಗಿ ಕಟ್ಟಲು ಶುರು ಮಾಡಿದಾಗ ಹಾಳುಬಿದ್ದ ರೋಮನ್ ಊರು ವೆರುಲೇಮಿಯಂನ ಇಟ್ಟಿಗೆ ಹೊತ್ತು ತಂದರು. ಗೋಪುರದ ಗೋಡೆಯಲ್ಲಿ ಆ ತೆಳ್ಳನೆಯ ಕೆಂಪು ಇಟ್ಟಿಗೆಗಳು ಇವತ್ತಿಗೂ ಕಾಣುತ್ತವೆ. ಮಠ ಹೋದ ಮೇಲೆ 1553ರಲ್ಲಿ ಊರಿನವರೇ 400 ಪೌಂಡ್ ಕೊಟ್ಟು ಚರ್ಚನ್ನು ಉಳಿಸಿಕೊಂಡರು. ಅದು ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಚರ್ಚ್, ಆಗಿದ್ದು 1877ರಲ್ಲಿ.

ಪಬ್ ಲೈಸೆನ್ಸಿನ ದಾಖಲೆ ಸಿಗುವುದು 1756ಕ್ಕೆ. ಆಗ ಅದರ ಹೆಸರು 'ತ್ರೀ ಪಿಜನ್ಸ್', ಮೂರು ಪಾರಿವಾಳ! ಹಳೇ ನೆನಪು ಹೆಸರಿನಲ್ಲೇ ಇತ್ತು. 'ಫೈಟಿಂಗ್ ಕಾಕ್ಸ್' (ಕಾದಾಡುವ ಹುಂಜಗಳು) ಅನ್ನುವ ಕೋಳಿ ಅಂಕದ ಹೆಸರು ಬಂದಿದ್ದು ಆಮೇಲೆ.

"ತಳಪಾಯ ಹಳೇದಿರಬಹುದು, ಪ್ರವಾಸಿಗಳು ಬರುತ್ತಾರೆ, ಪಬ್ ಉಳಿಯುತ್ತದೆ, ಬಿಡು" ಅಂದರು ನಮ್ಮ ನೆಂಟರು. ಪಬ್ ಉಳಿಯಲಿ, ನನಗೂ ಅದೇ ಬೇಕು. ಆದರೆ ಅದಕ್ಕೆ ಸುಳ್ಳು ಇಸವಿ ಯಾಕೆ? ಸುಮ್ನೆ ದೊಡ್ಡ ನಂಬರ್ ಹೇಳಿ ಕಳಿಸಿದರೆ ಆ ತೊಲೆ ಕಳಚಿದ ಬಡಗಿಗಳು, ಹೊತ್ತು ತಂದ ಆಳುಗಳು ಎಲ್ಲ ಕಥೆಯಿಂದಲೇ ಮಾಯ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ದಾಖಲೆಯಲ್ಲಿ ಹೆಸರಿಲ್ಲದ ಜನರ ಕೆಲಸ ಕಣ್ಣಮುಂದೆ ನಿಂತಿದೆ, ಅದನ್ನು ತೋರಿಸುವವರಿಲ್ಲ.

ಲಂಡನ್ ಕಡೆ ಬರುವ ಗೆಳೆಯರೇ, ಅಲ್ಲಿಗೆ ಹೋದರೆ ಕಟ್ಟಡಕ್ಕೆ ಒಂದು ಸುತ್ತು ಹಾಕಿ, ಎಂಟು ಮೂಲೆ ಹುಡುಕಿ. ಗೈಡ್ 793 ಅಂದರೆ, 1539ರಲ್ಲಿ ಇದು ಏನಾಗಿತ್ತು ಅಂತ ಕೇಳಿ. ಹೇಳದಿದ್ದರೆ ಗುಂಪಿಗೆ ನೀವೇ ಹೇಳಿ.